ಬಾಟ್ಲಿ ಅಕ್ಕ ಮತ್ತು ಅತ್ತಿಗೆಯ ಬೋರ್‌ವೆಲ್

ಆ ಬಡಾವಣೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬಾಟ್ಲಿ ಅಕ್ಕ ಎಂದು. ಹೊಸಬರು ಯಾರಾದರೂ ಹುಬ್ಬೇರಿಸಿದರೆ ಅವಳೇ ಮುಂದಾಗಿ ಸಮಜಾಯಿಷಿ ಕೊಡುತ್ತಿದ್ದಳು: "ನೀವಂದ್ಕೊಂಡ ಬಾಟ್ಲಿ ಅಲ್ಲ. ಇದರಲ್ಲಿರೋದು ಬರೀ ನೀರು. ಕುಡಿದ್ರೆ ಮಾತ್ರ ಅದಕ್ಕಿಂತ ಕೆಟ್ಟದ್ದು."

ಬಡಾವಣೆಯ ಮಗ್ಗುಲಲ್ಲಿ ಇಪ್ಪತ್ತು ವರ್ಷದ ಹಿಂದೆ ಬಾಗಿಲು ಹಾಕಿದ ಬಣ್ಣದ ಕಾರ್ಖಾನೆಯೊಂದಿತ್ತು. ಯಂತ್ರಗಳು ಹೋದವು, ಛಾವಣಿಯ ತಗಡೂ ಹೋಯಿತು. ನೆಲಕ್ಕೆ ಚೆಲ್ಲಿದ ದ್ರಾವಕ ಮಾತ್ರ ಎಲ್ಲಿಗೂ ಹೋಗದೆ ಅಂತರ್ಜಲದಲ್ಲಿ ಬೀಡುಬಿಟ್ಟಿತ್ತು. ಅದು ಎತ್ತ ಸರಿಯುತ್ತಿದೆ ಎಂದು ನೋಡಲು ಮಾಲಿನ್ಯ ನಿಯಂತ್ರಣ ಕಚೇರಿಯವರು ಸುತ್ತಲೂ ಹದಿನಾಲ್ಕು ಕೊಳವೆ ಇಳಿಸಿ, ಮುಚ್ಚಳಕ್ಕೆ ಬೀಗ ಜಡಿದಿದ್ದರು. ಮೂರು ತಿಂಗಳಿಗೊಮ್ಮೆ ಆ ಹದಿನಾಲ್ಕರ ಯೋಗಕ್ಷೇಮ ವಿಚಾರಿಸುವುದು ಅವಳ ನೌಕರಿ. ಹನ್ನೊಂದು ವರ್ಷದಿಂದ ಅದೇ. ಅಳತೆಪಟ್ಟಿ ಒಳಗಿಳಿಸಿದರೆ ನೀರು ತಾಕಿದೊಡನೆ ಅದು ಕುಂಯ್ ಎನ್ನುತ್ತಿತ್ತು, ಆಳ ಬರೆದುಕೊಳ್ಳುವಳು. ಆಮೇಲೆ ನಿಂತ ನೀರನ್ನು ಪಂಪಿನಿಂದ ಡ್ರಮ್ಮಿಗೆ ತೆಗೆದು, ಹೊಸ ನೀರು ಬಂದ ಮೇಲೆ ಬಾಟ್ಲಿಗೆ ಹಿಡಿಯುವಳು. ಬಾಟ್ಲಿಯಲ್ಲಿ ಒಂದು ಗುಳ್ಳೆಯೂ ಇರಕೂಡದು. ಇದ್ದರೆ ದ್ರಾವಕ ಆ ಗಾಳಿಗೆ ಸೇರಿಕೊಂಡು ಪರೀಕ್ಷೆ ಸುಳ್ಳಾಗುತ್ತದೆ. ಅದಕ್ಕೇ ತಲೆಕೆಳಗು ಮಾಡಿ, ಬೆರಳಿಂದ ತಟ್ಟಿ, ಕಣ್ಣು ಕಿರಿದು ಮಾಡಿ ನೋಡುವಳು. ಈ ಚಾಳಿ ಮನೆಗೂ ಬಂದಿತ್ತು. ಗಂಡ ಬಸ್ ಡ್ರೈವರ್, ಸಾಧು ಪ್ರಾಣಿ. ಅವನಿಗೆ ಕೆಮ್ಮು ಬಂದಾಗ ಔಷಧಿ ಶೀಶೆ ಇವಳ ಕೈಯಲ್ಲಿ ತಲೆಕೆಳಗಾಗಿ ನಿಂತಿರುತ್ತಿತ್ತು. "ಗುಳ್ಳೆ ನೋಡಿದ್ದಾದ್ರೆ ಕೊಡೇ, ಕೆಮ್ಮು ಕಾಯ್ತಾ ಇದೆ" ಎನ್ನುತ್ತಿದ್ದ.

ಒಂದು ಸಲ ಒಂಬತ್ತನೇ ಕೊಳವೆ ಕೈಕೊಟ್ಟಿತು. ಉಳಿದೆಲ್ಲ ಕಡೆ ನೀರು ಹಿಂದಿನಷ್ಟೇ ಇದ್ದರೆ ಇದರಲ್ಲಿ ಒಂದು ಗಜ ಕೆಳಗೆ ಹೋಗಿತ್ತು. ಅವಳು ಮೂರು ಸಲ ಅಳೆದಳು. ಪಟ್ಟಿ ಮೂರು ಸಲವೂ ಅದೇ ಜಾಗದಲ್ಲಿ ಕುಂಯ್ ಎಂದಿತು.

"ಪಟ್ಟಿ ಹಳೇದಾಗಿದೆ ಬಿಡಮ್ಮ" ಎಂದರು ಕಚೇರಿಯಲ್ಲಿ ಸಾಹೇಬರು, ತಲೆಯೆತ್ತದೆ.

"ಹಳೇದಾಗಿದ್ರೆ ಹದಿನಾಲ್ಕಕ್ಕೂ ಹಳೇದು ಸಾರ್. ಒಂದು ಕೊಳವೆಗೆ ಮಾತ್ರ ಹೇಗೆ ಮುಪ್ಪು ಬರುತ್ತೆ?"

ಯಾರೋ ಹತ್ತಿರದಲ್ಲೇ ಕದ್ದು ನೀರೆತ್ತುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಹಾಗೆ ಎತ್ತಿದರೆ ಕಾರ್ಖಾನೆಯ ಕೆಳಗಿನ ದ್ರಾವಕವೂ ಆ ಕಡೆಗೇ ಸರಿದು ಬರುತ್ತದೆ. ಮರುದಿನ ಬೆಳಿಗ್ಗೆ ಪಂಪಿನ ಸದ್ದಿಗೆ ಕಿವಿಗೊಟ್ಟು ಬೀದಿ ಬೀದಿ ಅಲೆದಳು. ಸದ್ದು ಅವಳನ್ನು ಕೈಹಿಡಿದು ಕರೆದೊಯ್ದು ನಿಲ್ಲಿಸಿದ್ದು ಒಂದು ಲಾಂಡ್ರಿಯ ಮುಂದೆ. ಅದು ಬೇರೆ ಯಾರದೂ ಅಲ್ಲ, ಅವಳ ಗಂಡನ ಅಕ್ಕನದು.

"ಬಂದ್ಯಾ! ನಾನೇ ಕರೆಸೋಣ ಅಂತಿದ್ದೆ" ಎಂದು ಅತ್ತಿಗೆ ಸಂಭ್ರಮದಿಂದ ಒಳಗೆ ಕರೆದೊಯ್ದಳು. ಬಟ್ಟೆ ಒಗೆಯುವ ಮಷೀನುಗಳ ಹಿಂದೆ ಹೊಸ ಬೋರ್‌ವೆಲ್ ಮದುಮಗನಂತೆ ಮಿಂಚುತ್ತಿತ್ತು. "ಟ್ಯಾಂಕರ್‌ನವನ ಕಾಲು ಹಿಡಿಯೋದು ತಪ್ಪಿತು ನೋಡು."

"ಇಲ್ಲಿ ಕೊರೀಬಾರದು ಅಂತ ಬೋರ್ಡ್ ಹಾಕಿದ್ದಾರಲ್ಲ ಅತ್ತಿಗೆ?"

"ಬೋರ್ಡ್ ಇರೋದು ಕಾರ್ಖಾನೆ ಗೋಡೆ ಮೇಲೆ ಕಣೇ. ನನ್ನ ಗೋಡೆ ಮೇಲೆ ಏನೂ ಬರೆದಿಲ್ಲ." ಹಾಗೆನ್ನುತ್ತಲೇ ಲೋಟದ ತುಂಬ ನೀರು ತಂದಳು. "ಕುಡಿದು ನೋಡು, ಎಳನೀರು ಇದ್ದ ಹಾಗಿದೆ. ಕೆಲಸದ ಹೆಂಗಸರೂ ಇದನ್ನೇ ಕುಡಿಯೋದು."

ಬಾಟ್ಲಿ ಅಕ್ಕ ಲೋಟ ಕೆಳಗಿಟ್ಟಳು. "ಲೋಟದ್ದು ಬೇಡ ಅತ್ತಿಗೆ, ಪೈಪಿಂದಲೇ ಹಿಡ್ಕೋತೀನಿ" ಎಂದು ಚೀಲದಿಂದ ಬಾಟ್ಲಿ ತೆಗೆದಳು. ತುಂಬಿದಳು, ತಲೆಕೆಳಗು ಮಾಡಿದಳು, ತಟ್ಟಿದಳು. ಅತ್ತಿಗೆಯ ಮುಖ ದಪ್ಪಗಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಮನಸ್ಸು ಡೋಲಾಯಮಾನವಾಗಿತ್ತು. 'ಮಟ್ಟ ಇಳಿದಿದೆ, ಕಾರಣ ತಿಳಿಯದು' ಎಂದು ಒಂದು ಸಾಲು ಗೀಚಿದರೆ ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಮನೆಯ ಶಾಂತಿಯೂ ಉಳಿಯುತ್ತಿತ್ತು. ಆದರೆ ಲಾಂಡ್ರಿಯ ಹೆಂಗಸರು ಬೆವರೊರೆಸಿಕೊಳ್ಳುತ್ತ ಅದೇ ನೀರು ಗಟಗಟ ಕುಡಿಯುತ್ತಿದ್ದುದು ಕಣ್ಣಿಗೆ ಕಟ್ಟಿತ್ತು. ಇಳಿದವಳೇ ಅತ್ತಿಗೆಗೆ ಫೋನ್ ಮಾಡಿ, ಫಲಿತಾಂಶ ಬರುವ ತನಕ ಯಾರೂ ಅದನ್ನು ಕುಡಿಯಕೂಡದು ಎಂದಳು. ಕಚೇರಿಗೆ ಹೋಗಿ ಇದ್ದದ್ದು ಇದ್ದಂತೆ ಬರೆದಳು.

ಹದಿನೈದು ದಿನಕ್ಕೆ ಫಲಿತಾಂಶ ಬಂತು: ದ್ರಾವಕ ಇರಬಹುದಾದ ಮಿತಿಯ ನಾಲ್ಕು ಪಟ್ಟು. ಸಾಹೇಬರು ಮೊದಲ ಬಾರಿಗೆ ತಲೆಯೆತ್ತಿದರು. ಬೋರ್‌ವೆಲ್ಲಿಗೆ ಸಿಮೆಂಟು ಬಿತ್ತು. ಸಾಹೇಬರೇ ಓಡಾಡಿ ಲಾಂಡ್ರಿಗೆ ನಗರದ ಕೊಳಾಯಿ ಹಾಕಿಸಿದರಾದರೂ ಅದಕ್ಕೆ ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮತ್ತೆ ಟ್ಯಾಂಕರ್‌ನವನೇ ಗತಿ.

ಅತ್ತಿಗೆ ಮಾತು ಬಿಟ್ಟಳು. ಬಿಟ್ಟಳೆಂದರೆ ಬಾಯಿ ಮುಚ್ಚಿಕೊಂಡಳೆಂದಲ್ಲ. ವಾರಕ್ಕೊಮ್ಮೆ ಬಂದು, ಇವಳ ಎದುರಿಗೇ ಕೂತು, ತಮ್ಮನ ಮೂಲಕ ಮಾತಾಡುತ್ತಿದ್ದಳು. "ನಿನ್ನ ಹೆಂಡತಿಗೆ ಹೇಳಪ್ಪ, ಕಾಫಿಗೆ ಸಕ್ಕರೆ ಕಮ್ಮಿ." ಇವಳು, "ನಿಮ್ಮಕ್ಕನಿಗೆ ಹೇಳಿ, ಡಬ್ಬಿ ಅವರ ಪಕ್ಕದಲ್ಲೇ ಇದೆ" ಎನ್ನುವಳು. ಅತ್ತ ದರಿ ಇತ್ತ ಪುಲಿ ಎಂಬಂತೆ ಮಧ್ಯೆ ಕೂತ ಅವನು ತಾನೇ ಎದ್ದು ಸಕ್ಕರೆ ಹಾಕುತ್ತಿದ್ದ.

ಕೊಳಾಯಿ ಬಂದ ಮೇಲೂ ಅತ್ತಿಗೆಯ ಬಿಗುಮಾನ ಇಳಿಯಲಿಲ್ಲ. ಏಳನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಾಟ್ಲಿ ಅಕ್ಕನ ಫೋನು ಹೊಡೆದುಕೊಂಡಿತು.

"ಎಲ್ಲಿ ಸತ್ತಿದ್ದೀಯೇ? ಬೇಗ ಬಾ!" ಅತ್ತಿಗೆಯ ದನಿ. "ನಮ್ಮ ಹಿಂದಿನ ಬೀದೀಲಿ ಕೊರೆಯೋ ಲಾರಿ ಬಂದು ನಿಂತಿದೆ. ಕೆಳಗೆ ವಿಷ ಇದೆ ಕಣಪ್ಪಾ ಅಂದ್ರೆ ನಗ್ತಾನೆ."

ಇವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಹೋಗಿ ನೋಡಿದರೆ ಅತ್ತಿಗೆ ಲಾರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. "ನಾಲ್ಕು ಪಟ್ಟು, ಗೊತ್ತಾ? ನಾಲ್ಕು ಪಟ್ಟು!" ಎಂದು ಡ್ರೈವರನಿಗೆ ಪಾಠ ನಡೆದಿತ್ತು. ಇವಳನ್ನು ಕಂಡದ್ದೇ ಜೋರಾಗಿ ಹೇಳಿದಳು: "ಬಂದ್ಲು ನೋಡು ನಮ್ಮನೆಯವಳು. ಅವಳ ಹತ್ರ ಕೇಳ್ಕೋ. ನಾನು ಹೇಳಿದ್ದು ಒಂದಕ್ಷರ ಸುಳ್ಳಾದ್ರೆ ಆಮೇಲೆ ಕೊರಿ."

ಬಾಟ್ಲಿ ಅಕ್ಕ ಅತ್ತಿಗೆಯ ಕುರ್ಚಿಯ ಪಕ್ಕ ಹೋಗಿ ನಿಂತಳು. ನೆಲದ ಕೆಳಗಿನ ಕಥೆಯನ್ನು ಮೊದಲಿಂದ ಹೇಳತೊಡಗಿದಳು. ಅರ್ಧ ಕಥೆಗೇ ಲಾರಿ ಹಿಂದಕ್ಕೆ ತಿರುಗಿತು.