ಸತ್ತ ಮೇಲಿನ ಲೆಕ್ಕ

ಜಮೀನು ಅಳೆಯಲು ಹರಿಹರದಿಂದ ಮಲೆಬೆನ್ನೂರಿಗೆ ಹೋಗಿದ್ದೆ. ಗದ್ದೆಯ ಯಜಮಾನ ಹುಸೇನ್ ಸಾಹೇಬರು, ಮಗ ಮಗಳು ಇಬ್ಬರಿಗೂ ಸರಿಸಮ ಅಳೆದು ಕಲ್ಲು ನೆಡಿಸಿ ಅಂದರು. ನನಗೆ ಗಲಿಬಿಲಿಯಾಯಿತು.

"ನಿಮ್ಮಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಅಲ್ಲೇನ್ರಿ?"

"ಅದು ನಾ ಸತ್ತ ಮ್ಯಾಲಿನ ಲೆಕ್ಕ ಮೇಡಂ. ಈಗ ಬದುಕಿದೀನಿ, ಇದು ದಾನ. ದಾನ ಕೊಡುವಾಗ ಮಕ್ಕಳಲ್ಲಿ ಭೇದ ಮಾಡಬಾರದು."

"ಹಂಗಾದ್ರೆ ಮಗನ ಒಪ್ಪಿಗೆ ಸಹಿ?"

"ನಾ ಬದುಕಿರೋತನಕ ಇದರಾಗ ಅವನಿಗೆ ಯಾವ ಹಕ್ಕು ಐತ್ರಿ?"

ಹುಟ್ಟುತ್ತಲೇ ಹಕ್ಕು ಬರುತ್ತದೆ ಅನ್ನುವ ಮನೆಯಲ್ಲಿ ಬೆಳೆದ ನನಗೆ ಇದೂ ತಲೆಗೆ ಹತ್ತಲಿಲ್ಲ.

ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಮಗಳು ಕೇಳಿದಳು, "ನಿಮ್ಮಲ್ಲಿ ಹೆಂಗ್ರಿ ಮೇಡಂ?"

"ಕಾನೂನಿನಲ್ಲಿ ಹೆಣ್ಣಿಗೂ ಸಮಪಾಲು" ಅಂದೆ, ಸೆರಗು ಸರಿಮಾಡಿಕೊಳ್ಳುತ್ತಾ. ಅಪ್ಪನ ಜಮೀನಿನ ಹಕ್ಕು ಬಿಟ್ಟು ಸಹಿ ಹಾಕಿದ ದಿನ ಅಣ್ಣ ಕೊಡಿಸಿದ ಸೀರೆ ಅದು.