ಶ್ರಾವಣ ಸೋಮವಾರದ ಗುಳಿಗೆ

ಗೆಳೆಯರೇ, ಗೊಬ್ಬೂರಿನ ನೀಲಮ್ಮ ಇಂದು ಅತ್ತೆಯ ಜೊತೆ ಅಫಜಲಪುರದ ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಮತ್ತೆ ಅಪಸ್ಮಾರದ ಮೂರ್ಛೆ ಬಂದಿತ್ತು, ಅದೂ ಉರಿಯುವ ಒಲೆಯ ಮುಂದೆ. ಮಗು ಬೇಕೆನ್ನುವವಳು, ಗರ್ಭಕ್ಕೆ ತೊಂದರೆಯಾಗದಿರಲಿ ಎಂದು ಬಹಳ ಯೋಚಿಸಿ ನಾನು ಆರಿಸಿಕೊಟ್ಟಿದ್ದ ಗುಳಿಗೆ ನುಂಗುತ್ತಿದ್ದಳು. ಆ ಔಷಧಿ ಸೋತಿತೆಂದುಕೊಂಡು, ಇನ್ನೊಂದನ್ನು ಸೇರಿಸಲು ಪೆನ್ನು ತೆಗೆದೆ.

“ಗುಳಿಗಿ ದಿನಾ ನುಂಗಾಕತ್ತಿ ಇಲ್ಲೋ?”

“ನುಂಗಾಕತ್ತೇನ್ರಿ ಮೇಡಂ. ಶ್ರಾವಣ ಸೋಮವಾರ ಅಷ್ಟ ಬಿಡ್ತೇನ್ರಿ. ನಿರಾಹಾರ ಇರ್ತೇನಲ್ರಿ.”

ಮೂರ್ಛೆ ಬಂದದ್ದೂ ಸೋಮವಾರ ಸಂಜೆಯೇ! ರೇಗಿದೆ, ಹೆದರಿಸಿದೆ, ಕೊನೆಗೆ ಬೇಡಿಕೊಂಡೆ. “ಉಪಾಸ ಮುರಿಯಂಗಿಲ್ರಿ” ಎಂದು ತಲೆ ತಗ್ಗಿಸಿ ಕೂತಳು.

ಆಗ ಅತ್ತೆ ಸೊಸೆಯತ್ತ ತಿರುಗಿದರು. “ಎರಡೂ ಹೊತ್ತು ಲಿಂಗಪೂಜಿ ಮಾಡ್ತಿ ಇಲ್ಲವ್ವಾ? ಗುಳಿಗಿನೂ ಲಿಂಗಕ್ಕ ಅರ್ಪಿಸು. ಆಮ್ಯಾಲ ಅದು ಪ್ರಸಾದ. ಪ್ರಸಾದ ಒಲ್ಲೆ ಅಂತೀಯೇನು?”

ನೀಲಮ್ಮ ತಲೆಯೆತ್ತಿದಳು. “ಹಂಗಾದ್ರ ನುಂಗ್ತೇನ್ರಿ ಅತ್ತಿ.”

ನಾನು ಬೆರಗಾಗಿ ಆ ಹಿರಿಯರನ್ನೇ ನೋಡುತ್ತಿದ್ದೆ. ಹೊಸ ಔಷಧಿ ಬರೆಯಲಿಲ್ಲ. ಊಟಕ್ಕೆ ಮೊದಲು, ಊಟದ ನಂತರ ಎಂದು ಇಷ್ಟು ವರ್ಷ ಬರೆದ ಕೈ ಮೊದಲ ಸಲ ಚೀಟಿಯಲ್ಲಿ ಬರೆಯಿತು: “ಎರಡು ಹೊತ್ತು, ಪೂಜೆಯ ನಂತರ.”

ಕೆಳಗೆ ಸಹಿ ನನ್ನದು. ಚಿಕಿತ್ಸೆ ಮಾತ್ರ ಅತ್ತೆಯದು.