ಗುರುಲಿಂಗಮ್ಮನ ಕರಿ ಪ್ಲೇಟು

ಕುಂಭಾರಿಯ ಗುರುಲಿಂಗಮ್ಮ ಕಾರು ಕಲಿತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಕಲಿಸಿದವನು ಗಂಡ ಕಲ್ಲಣ್ಣನಲ್ಲ. ಅವನಿಗೆ ಕಾರು ತೊಳೆಯುವುದರಲ್ಲಿದ್ದ ಆಸೆ ಓಡಿಸುವುದರಲ್ಲಿ ಇರಲಿಲ್ಲ. ಆಕೆ ತಾನೇ ಎಸ್‌ಟಿ ಬಸ್ಸು ಹತ್ತಿ ಸೋಲಾಪುರದ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಮೀಸೆ ಮೂಡದ ಹುಡುಗರ ನಡುವೆ ಸರದಿಯಲ್ಲಿ ನಿಂತು ಕಲಿತು ಬಂದಳು. ಊರು ನಕ್ಕಿತು. ನಗುವವರಿಗೆ ಬೇರೆ ಕೆಲಸವಿಲ್ಲ, ತನಗಿದೆ ಎಂದುಕೊಂಡು ಆಕೆ ಗೇರು ಬದಲಿಸಿದಳು.

ಆ ಬಿಳಿ ಕಾರು ಮನೆಗೆ ಬಂದದ್ದೇ ದೌಲತ್ತಿಗೆ. ನಾಲ್ಕು ಜನರ ಮುಂದೆ ಮನೆತನ ಕಾಣಬೇಕೆಂದು ಕಲ್ಲಣ್ಣನ ಅಣ್ಣ ಮಲಕಾಜಪ್ಪ ಹಟ ಹಿಡಿದು ಕೊಳ್ಳಿಸಿದ್ದ. ಗುರುಲಿಂಗಮ್ಮನ ತವರಿನ ಹೊಲ ಮಾರಿದ ಹಣವೂ ಅದಕ್ಕೆ ಬಿದ್ದದ್ದರಿಂದ ಕಾಗದಪತ್ರ ಆಕೆಯ ಹೆಸರಿನಲ್ಲಿತ್ತು. ಇದನ್ನು ಎಲ್ಲರೂ ಮರೆತಿದ್ದರು, ಆಕೆಯೊಬ್ಬಳನ್ನು ಬಿಟ್ಟು. ಕೊಂಡದ್ದೇನೋ ಕೊಂಡರು; ತಿಂಗಳಿಗೆ ನಾಲ್ಕು ದಿನ ಓಡಿ, ಉಳಿದ ದಿನವೆಲ್ಲ ಅದು ಹೊದಿಕೆ ಹೊದ್ದು ಅಂಗಳದಲ್ಲಿ ಮಲಗಿರುತ್ತಿತ್ತು. ದುಡಿಯದ ಎತ್ತನ್ನು ಈ ಮನೆಯಲ್ಲಿ ಯಾರೂ ಕಟ್ಟಿಕೊಂಡವರಲ್ಲ, ಇದಕ್ಕೇನು ಇಷ್ಟು ಮುದ್ದು ಎಂಬುದು ಆಕೆಯ ತಕರಾರು.

ಒಂದು ಗುರುವಾರ ಅಕ್ಕಲಕೋಟದಲ್ಲಿ ಸ್ವಾಮಿಯ ದರ್ಶನ ಮುಗಿಸಿ ಕೂತಿದ್ದಾಗ ಪಕ್ಕದಲ್ಲಿ ಸಾತಾರಾ ಕಡೆಯ ಮುದುಕಿಯೊಬ್ಬಳು ಮಂಡಿ ಹಿಡಿದುಕೊಂಡು ಆಗಷ್ಟೇ ಕೂತಿದ್ದಳು. ಬಾಡಿಗೆ ಗಾಡಿಯ ಡ್ರೈವರ ಬಾಗಿಲಲ್ಲಿ ನಿಂತು, "ಆಜೀ, ವೇಳ ಸಂಪಲಾ, ಚಲಾ!" ಎಂದು ಕೂಗತೊಡಗಿದ. ವೇಳೆ ಮುಗಿದಿತ್ತು, ಅವನಿಗೆ ತುಳಜಾಪುರ, ಪಂಢರಪುರ ಇನ್ನೂ ಬಾಕಿಯಿದ್ದವು. ಅಷ್ಟು ದೂರದಿಂದ ಬಂದ ಮುದುಕಿ ಒಂದು ಗಳಿಗೆ ಕಣ್ಣು ಮುಚ್ಚಿ ಕೂಡಲಾಗದೆ ಅಳುತ್ತಾ ಎದ್ದು ಹೋದಳು. ಗುರುಲಿಂಗಮ್ಮ ಮನೆಗೆ ಬಂದವಳೇ ಕಾರಿನ ಹೊದಿಕೆ ಕಿತ್ತೆಸೆದಳು.

ಉಪಾಯ ಹೇಳಿದವಳು ಮಗಳು ಶುಭಾಂಗಿ, ಸೋಲಾಪುರದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಒಂದು ಆ್ಯಪ್ ಇದೆ. ಅದರಲ್ಲಿ ನಮ್ಮ ಗಾಡಿ ಹಾಕಿದರೆ ಬಂದವರು ಕೀಲಿ ತೆಗೆದುಕೊಂಡು ತಾವೇ ಓಡಿಸಿಕೊಂಡು ಹೋಗುತ್ತಾರೆ, ಬೇಕಾದಷ್ಟು ಹೊತ್ತು ಕೂಡುತ್ತಾರೆ, ತಂದು ಬಿಡುತ್ತಾರೆ. ಅಂದಿನಿಂದ ಮುಂಬೈ ರೈಲು ಬರುವ ಹೊತ್ತಿಗೆ ಗುರುಲಿಂಗಮ್ಮ ಕಾರನ್ನು ಸೋಲಾಪುರ ಸ್ಟೇಷನ್ನಿಗೆ ಒಯ್ದು, ಗುರುತಿಲ್ಲದ ಮಂದಿಯ ಕೈಗೆ ಕೀಲಿ ಇಟ್ಟು, ತಾನು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಳು. ಮುಂದಿನ ಸೀಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಇರುತ್ತಿತ್ತು. ಷರತ್ತು ಒಂದೇ: ಗುಟ್ಕಾ ತಿಂದು ಕಿಟಕಿಯಿಂದ ಉಗುಳಿದವರಿಗೆ ಮತ್ತೆ ಕೀಲಿಯಿಲ್ಲ.

ಸ್ಟೇಷನ್ ಎದುರು ಇಪ್ಪತ್ತು ವರ್ಷದಿಂದ ಟ್ರಾವೆಲ್ಸ್ ನಡೆಸುತ್ತಿದ್ದ ಯೋಗಿರಾಜನ ಕಣ್ಣಿಗೆ ಇದು ಬಿತ್ತು. ಬಿಳಿ ಪ್ಲೇಟಿನ ಮನೆಯ ಗಾಡಿ ಬಾಡಿಗೆಗೆ ಕೊಡುವಂತಿಲ್ಲ ಎಂದು ಅವನು ಆರ್‌ಟಿಒ ಕಚೇರಿಗೆ ದೂರು ಕೊಟ್ಟ. ಕಾಯದೆ ಅವನ ಕಡೆಗಿತ್ತು. ಅದನ್ನು ಗುರುಲಿಂಗಮ್ಮ ಒಪ್ಪಿದಳು, ಗಾಡಿ ನಿಲ್ಲಿಸಿದಳು. ಯೋಗಿರಾಜ ಪೇಢೆ ಹಂಚಿದನಂತೆ. ಆದರೆ ಎರಡು ತಿಂಗಳು ಕಚೇರಿ ಕಚೇರಿ ಅಲೆದು, ಆ್ಯಪ್ ಕಂಪನಿಯ ಲೈಸೆನ್ಸಿನ ಕೆಳಗೆ ಕಾಗದ ಬದಲಿಸಿಕೊಂಡು, ಆಕೆ ಕರಿ ಪ್ಲೇಟಿನ ಮೇಲೆ ಹಳದಿ ಅಕ್ಷರ ಬರೆಸಿಕೊಂಡು ಬಂದಳು. ತಾವೇ ಓಡಿಸಿಕೊಳ್ಳುವವರಿಗೆ ಬಾಡಿಗೆಗೆ ಕೊಡುವ ಗಾಡಿ ಎಂಬುದಕ್ಕೆ ಅದು ಸರಕಾರಿ ಗುರುತು.

ಮಲಕಾಜಪ್ಪ ಅಂಗಳದಲ್ಲಿ ನಿಂತು ಕೂಗಾಡಿದ. "ಮನಿತನದ ಗಾಡಿಗಿ ಬಾಡಿಗಿ ಪ್ಲೇಟು! ನಾಳಿ ಮನಿಗೂ ಬೋರ್ಡ್ ಹಚ್ತಿ ಏನು?"

"ನಿಂತ ಗಾಡಿ ಮನಿತನ ಉಳಸ್ತದೇನ್ರಿ, ಭಾವಾರ?" ಎಂದಳು ಗುರುಲಿಂಗಮ್ಮ.

ಅವನು ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡ. ಗಂಟು ಬಿಚ್ಚಿದ್ದು ಶುಭಾಂಗಿಯ ಲಗ್ನಕ್ಕೆ. ಬೀಗರು ಸೋಲಾಪುರದ ಬಟ್ಟೆ ವ್ಯಾಪಾರಿಗಳು. ಆ ಮನೆಯಲ್ಲಿ ವರನ ಅಜ್ಜಿ ಕಸ್ತೂರಬಾಯಿಯ ಮಾತೇ ಮಾತು. "ಮದುಮಗಳು ಕರಿ ಪ್ಲೇಟಿನ ಗಾಡ್ಯಾಗ ಇಳದ್ರ ಬೀಗರ ಮುಂದ ನಮ್ಮ ಮೂಗು ಹೋಗ್ತದ. ಆ ಗಾಡಿ ಮಂಗಲ ಕಾರ್ಯಾಲಯದ ಮುಂದ ಕಂಡ್ರ ನಾ ಅಕ್ಕಿಕಾಳಿಗಿ ನಿಂದ್ರಂಗಿಲ್ಲ" ಎಂದ ಮಲಕಾಜಪ್ಪ. ಮದುಮಗಳಿಗಾಗಿ ಬೇರೆ ಗಾಡಿಯನ್ನೂ ಅವನೇ ಗೊತ್ತು ಮಾಡಿದ, ಅದೂ ಯೋಗಿರಾಜನಿಂದ.

ದೊಡ್ಡಪ್ಪನಿಲ್ಲದೆ ವಧೂವರರ ತಲೆಯ ಮೇಲೆ ಅಕ್ಕಿಕಾಳು ಬಿದ್ದರೆ ಮಂದಿ ಸುಮ್ಮನಿರುತ್ತಾರೆಯೇ? ಗುರುಲಿಂಗಮ್ಮನಿಗೆ ನಿಜವಾಗಿಯೂ ಭಯವಾಯಿತು. ತನ್ನ ಹಟಕ್ಕೆ ಮಗಳ ಲಗ್ನ ಕೆಟ್ಟೀತು ಎಂದು ಹತ್ತು ದಿನ ಊಟ ರುಚಿಸಲಿಲ್ಲ. ಯೋಗಿರಾಜನ ಗಾಡಿಗೆ ಆಕೆ ಅಡ್ಡಿ ಮಾಡಲಿಲ್ಲ, ಮಲಕಾಜಪ್ಪ ಅದನ್ನು ಸೋಲು ಎಂದು ತಿಳಿದ.

ಲಗ್ನದ ಮುಂಜಾನೆ ಯೋಗಿರಾಜನ ಗಾಡಿ ಬಂದು ನಿಂತಿತು. ದೊಡ್ಡ ಗಾಡಿ, ನೆತ್ತಿಯವರೆಗೂ ಹೂವು. ಮುಂದೆ ನಂಬರಿನ ಮೇಲೆ ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ. ಗುರುಲಿಂಗಮ್ಮ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಬಗ್ಗಿ ಹಾರವನ್ನು ಎತ್ತಿದಳು. ಒಳಗೆ ಹಳದಿ ಪ್ಲೇಟು, ಮೇಲೆ ಕರಿ ಅಕ್ಷರ.

"ಭಾವಾರ, ಇದೂ ಬಾಡಿಗಿ ಗಾಡಿನ ಅದಲ್ರಿ! ಬಾಡಿಗಿ ಗಾಡ್ಯಾಗ ಕುಂತ್ರ ಮರ್ಯಾದಿ, ನಮ್ಮ ಗಾಡಿ ಬಾಡಿಗಿ ಕೊಟ್ರ ನಾಚಿಕಿ? ಹೂವಿನ ಕೆಳಗ ಮುಚ್ಚಿಡೂ ಅಂಥಾದ್ದು ನನ್ನ ಗಾಡ್ಯಾಗ ಏನೂ ಇಲ್ಲ." ಆಕೆ ಮಗಳ ಕಡೆ ತಿರುಗಿದಳು. "ಲಗ್ನ ನಿಂದವ್ವ. ಯಾವುದರಾಗ ಕುಂಡ್ರತಿ, ನೀನ ಹೇಳು."

"ಅವ್ವಾ, ಕೀಲಿ ಎಲ್ಲೈತಿ?" ಎಂದಳು ಶುಭಾಂಗಿ. ಸೀರೆಯ ನಿರಿಗೆ ಎತ್ತಿ ಹಿಡಿದು ಸೀದಾ ಬಿಳಿ ಕಾರಿಗೆ ನಡೆದಳು.

ಹುಟ್ಟಿದಾಗಿನಿಂದ ಅಣ್ಣನ ಎದುರು ಸೊಲ್ಲೆತ್ತದ ಕಲ್ಲಣ್ಣ ಹೆಂಡತಿಯ ಕಾರಿನ ಹಿಂದಿನ ಬಾಗಿಲು ತೆರೆದು ಮಗಳ ಪಕ್ಕ ಕೂತುಬಿಟ್ಟ.

ಮಲಕಾಜಪ್ಪನ ಮುಖ ಕೆಂಪಾಯಿತು. "ಕಸ್ತೂರಬಾಯಾರಿಗಿ ನಾನ ಮುಂದ ಹೋಗಿ ಹೇಳ್ತೀನಿ. ಈ ಲಗ್ನ ಹೆಂಗ ಆಗ್ತದ ನೋಡೂಣು!" ಎಂದು ಹೂವಿನ ಗಾಡಿಯೊಳಗೆ ಒಬ್ಬನೇ ಹತ್ತಿ, ಡ್ರೈವರನಿಗೆ ಜೋರಾಗಿ ಬಿಡು ಎಂದ. ಗುರುಲಿಂಗಮ್ಮ ಅವನ ಹಿಂದೆಯೇ ತನ್ನ ಗಾಡಿ ಬಿಟ್ಟಳು. 

ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಬೀಗರು ಕಾದಿದ್ದರು. ಹೂವಿನ ಗಾಡಿ ಕಂಡದ್ದೇ ತಡ, ಬ್ಯಾಂಡು ಶುರುವಾಯಿತು. ಐದು ಜನ ಮುತ್ತೈದೆಯರು ಆರತಿ ಹಿಡಿದು ಓಡಿ ಬಂದರು, ಯಾರೋ ಗಾಲಿಯ ಮುಂದೆ ಕಾಯಿ ಒಡೆದರು, ಯಾರೋ ಬಾಗಿಲು ತೆರೆದರು. ಇಳಿದವನು ತಲೆಗೆ ಪಟಗಾ ಸುತ್ತಿದ ಮಲಕಾಜಪ್ಪ. ಅವನು ಬಾಯಿ ತೆರೆದ, ಏನೋ ಹೇಳಿದ. ಬ್ಯಾಂಡಿನ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ವಧುವಿನ ದೊಡ್ಡಪ್ಪ ಎಂದು ಗುರುತಿಸಿದ ಬೀಗರು ಕೊರಳಿಗೆ ಹಾರ ಹಾಕಿ, ಎರಡೂ ತೋಳು ಹಿಡಿದು, ಒಳಗೆ ಕರೆದುಕೊಂಡು ಹೋದರು.

ಕಸ್ತೂರಬಾಯಿ ಮಾತ್ರ ಬಿಳಿ ಕಾರಿನ ಬಳಿ ಬಂದಳು. ಶುಭಾಂಗಿಗೆ ಆರತಿ ಎತ್ತಿದಳು. ಆಮೇಲೆ ಪ್ಲೇಟು ನೋಡಿದಳು, ಸ್ಟೀರಿಂಗ್ ಹಿಡಿದ ಬೀಗತಿಯನ್ನು ನೋಡಿದಳು.

"ಇದ್ಯಾರ ಗಾಡ್ರಿ?"

"ನಂದ ರಿ. ನಿನ್ನಿತನಾ ಅಕ್ಕಲಕೋಟದ ಭಕ್ತರು ಓಡಿಸ್ಯಾರ, ನಾಳಿ ಮತ್ತ ಓಡಸ್ತಾರ. ಇವತ್ತ ನನ್ನ ಮಗಳು ಕುಂತಾಳ" ಎಂದಳು ಗುರುಲಿಂಗಮ್ಮ, ಸುತ್ತಲಿನವರಿಗೆಲ್ಲ ಕೇಳುವಂತೆ.

"ಗಾಡಿ ಬಾಜೂಕ ಹಚ್ರಿ, ಮಂದಿ ಬರೂ ದಾರಿ ಅದ" ಎಂದು ಕಸ್ತೂರಬಾಯಿ ಶುಭಾಂಗಿಯ ಕೈ ಹಿಡಿದು ನಡೆದಳು.

ಗುರುಲಿಂಗಮ್ಮ ಬದಿಗೇ ಹಚ್ಚಿದಳು. ಆದರೆ ಹಿಂದಿನ ಓಣಿಯಲ್ಲಲ್ಲ, ಬಾಗಿಲ ಪಕ್ಕದಲ್ಲೇ, ಕರಿ ಪ್ಲೇಟು ಬಾಗಿಲಿಗೆ ಎದುರಾಗುವಂತೆ. ಸೆರಗಿನಿಂದ ಅದರ ಧೂಳನ್ನೂ ಒರೆಸಿದಳು.

ಮಲಕಾಜಪ್ಪ ಅಕ್ಕಿಕಾಳಿಗೆ ನಿಂತ. ಎದ್ದು ಹೋಗಬೇಕೆಂದು ಎರಡು ಸಲ ಬಾಗಿಲವರೆಗೆ ಬಂದಿದ್ದನಂತೆ. ಹೊರಗೆ ಹೋಗಬೇಕೆಂದರೆ ಎಲ್ಲರೆದುರು ಆ ಕರಿ ಪ್ಲೇಟನ್ನು ದಾಟಿಯೇ ಹೋಗಬೇಕಿತ್ತು.